ಉಪ್ಪುನೀರಿಗೆ ಬಿಟ್ಟ ಮರಿಗಳು

ಬಿಳಿ ಹೊಟ್ಟೆ, ಅಲ್ಲೊಂದು, ಇಲ್ಲೊಂದು, ಅಯ್ಯೋ ಆ ಮೂಲೆ ತುಂಬಾ — ಬಿಸಿಲು ಬಿದ್ದು ಹೊಳೀತಿದೆ ಅಂದ್ಕೊಂಡೆ, ಬಿಸಿಲಲ್ಲ, ಸತ್ತಿವೆ, ನಿನ್ನೆ ತಾನೆ ಸಿಹಿನೀರಿನ ಶೆಡ್ಡಿಂದ ಈ ಕಡಲನೀರಿನ ತೊಟ್ಟಿಗೆ ತಂದು ಬಿಟ್ಟ ಸಾಲ್ಮನ್ ಮೀನಿನ ಮರಿಗಳು, ಮೊಟ್ಟೆಯಿಂದ ಸಾಕಿದವು. ಮೈಮೇಲಿನ ಪಟ್ಟೆ ಮಾಸಿತ್ತು, ಬೆಳ್ಳಿ ಬಣ್ಣ ಬಂದಿತ್ತು, ಇನ್ನೇನು ಬೇಕು ನಿಂಗೆ, ಬಿಡು ಅತ್ಲಾಗೆ ಅಂದ್ರು ನನ್ನ ಗಂಡ, ಅಂಗಡೀಲಿ ಚಪ್ಪಲಿ ಆರಿಸೋ ಥರ ಬರೀ ಹೊಳಪು ನೋಡೋ ಮಹಾರಾಯರು — ಬಣ್ಣ ಹೊರಗಿಂದು, ಒಳಗಿನ ಕೆಲಸ ಕಿವಿರಿಂದು, ಸಿಹಿನೀರಲ್ಲಿ ಉಪ್ಪನ್ನು ಒಳಗೆಳೆದುಕೊಳ್ತಿದ್ದ ಕಿವಿರು ಇನ್ಮೇಲೆ ಹೊರಗೆ ದಬ್ಬೋದು ಕಲೀಬೇಕು, ಕಲೀದಿದ್ರೆ ಮೈಯೊಳಗಿನ ನೀರೆಲ್ಲ ಸೋರಿ ಹೋಗುತ್ತೆ, ದಾಹಕ್ಕೆ ಕುಡೀತಾವೆ, ಕುಡಿದಷ್ಟೂ ಉಪ್ಪು, ನೀರಲ್ಲೇ ಇದ್ದು ದಾಹಕ್ಕೆ ಸಾಯೋದಾ. ಯಾಕೆ ಕಲೀಲಿಲ್ಲ, ಚಳಿಗಾಲ ಕೊಟ್ಟಿದ್ನಲ್ಲ, ಕಿಟಕಿಗೆಲ್ಲ ಕಪ್ಪು ಹಾಳೆ ಹೊಡೆದು, ದಿನಾ ಬೇಗ ಕತ್ತಲು ಮಾಡಿ, ಆಮೇಲೆ ತಾನೆ ಹಗಲು ಉದ್ದ ಮಾಡಿದ್ದು, ಉದ್ದನೆ ಕತ್ತಲು ಕಳೆದು ಬೆಳಕು ಬಂದ್ರೇನೇ ಮರಿ ಮೈಗೆ ಗೊತ್ತಾಗೋದು ಕಡಲಿಗೆ ಹೊರಡಬೇಕು ಅಂತ — ಏನಾಯ್ತೇ, ಯಾಕೆ ಹೀಗೆ ನಿಂತಿದ್ದೀಯ, ಹಿಂದಿಂದ ಅತ್ತೆ, ಅಯ್ಯೋ ನನ್ನ ಕೂಸುಗಳೇ, ಶೆಡ್ಡಲ್ಲಿದ್ದಾಗ ಎಷ್ಟು ಲವಲವಿಕೆಯಾಗಿದ್ವು, ನೀವಿಬ್ರೂ ಕೆಲಸ ಮುಗಿಸಿ ಬಂದ ಮೇಲೆ ನಾನು ಹೋಗಿ ದೀಪ ಹಾಕಿ ಕೂರ್ತಿದ್ದೆ, ಪಾಪ ಕತ್ತಲಲ್ಲಿ ಹೆದರ್ತಾವಲ್ಲ ಅಂತ. ದೀಪಾನಾ ಅತ್ತೆ, ದಿನಾನಾ. ದಿನಾ ಕಣೇ, ಮಲಗೋ ಹೊತ್ತಿನವರೆಗೂ.

ಕತ್ತಲು ಮಾಡಿದ್ದೆಲ್ಲ ಆ ದೀಪಕ್ಕೇ ಹೋಯ್ತು. ಚಳಿಗಾಲ ಬರಲೇ ಇಲ್ಲ ಇವಕ್ಕೆ, ಬರೀ ತಿಂದು ಬೆಳೆದು ಬೆಳ್ಳಿಯಾದವು, ಒಳಗೆ ಹಾಗೇ ಉಳಿದವು, ಹೆದರ್ತಾವೆ ಅಂತಂತೆ, ದೇವರೇ — ಗೇಟ್ ಹತ್ರ ಇವರ ಗಾಡಿ ಸದ್ದು, ಯಾಕೆ ಸತ್ವು ಅಂತಾರೆ, ಏನು ಹೇಳಲಿ, ನಿಮ್ಮಮ್ಮ ಅನ್ನಲಾ, ಈ ಮುಖ ನೋಡ್ಕೊಂಡು ಅನ್ನಲಾ, ಗೊತ್ತಾದ್ರೆ ಅತ್ತೆ ಅನ್ನನೀರು ಬಿಟ್ಟು ಮಲಗ್ತಾರೆ, ಮೊದಲು ಸಿಹಿನೀರಿನ ಪೈಪು ಎಳೀಬೇಕು, ಉಳಿದವನ್ನಾದ್ರೂ, ಓಡೇ, ಓಡು ಅಂದ್ಕೊಂಡು ಪೈಪಿನ ಕಡೆ ತಿರುಗಿದ್ರೆ, ಬಾಯಿಬಾಯಿ ಬಿಡ್ತಿವೆ ನೋಡೇ, ನೀರಡಿಕೆನಾ ಏನು ಕರ್ಮಾನೋ ಅಂತ ಅತ್ತೆ ಬಗ್ಗಿ, ತಾವು ಕುಡಿಯೋ ಬಾಟಲಿ ಬಿಚ್ಚಿ ಸುರೀತಿದ್ದಾರೆ, ಇಷ್ಟೇ ಇಷ್ಟು ನೀರು, ಬದುಕಿದ್ದವೆಲ್ಲ ಆ ಸಣ್ಣ ಧಾರೆ ಕೆಳಗೆ ನುಗ್ಗಿ ಬಂದು, ಬಾಯಿ, ಬಾಯಿ, ಬಾಯಿ, ಬಾಟಲಿ ಖಾಲಿ, ಇನ್ನೂ ಅಲ್ಲೇ ಬಾಯಿ ತೆರೆದು ನಿಂತಿವೆ