ಬಿಳಿ ಪುಡಿಯಲ್ಲಿ ಬೂದು ಗೆರೆ

ಸೀಸೆಯ ಹೊರಗೆ ಅಯಸ್ಕಾಂತ ಹಿಡಿದಾಗ ಒಳಗಿನ ಪುಡಿ ಕದಡಿದ ಬೆಳ್ಳನೆಯ ನೀರಿನಿಂದ ಕೂದಲೆಳೆಯಷ್ಟು ಬೂದು ಗೆರೆಯೊಂದು ಬಂದು ಗಾಜಿಗೆ ಅಂಟಿಕೊಂಡಿತು. ವಿಮಲಾ ಅಯಸ್ಕಾಂತವನ್ನು ಮೇಲಕ್ಕೆ ಸರಿಸಿದಳು. ಗೆರೆಯೂ ಮೇಲಕ್ಕೆ ಬಂತು.

ಶುದ್ಧ ಸತುವಿನ ಆಕ್ಸೈಡ್ ಹೀಗೆ ಮಾಡಬಾರದು. ಕಣಗಳನ್ನು ನ್ಯಾನೊ ಅಳತೆಗೆ ಇಳಿಸಿದರೆ ಅದಕ್ಕೂ ತುಸು ಕಾಂತಗುಣ ಬರುತ್ತದೆಂದು ವರ್ಷಗಳ ಹಿಂದೆ ಬರೆದವಳು ವಿಮಲಾಳೇ. ಮುಂಬೈ ವಿಕ್ರೋಳಿಯ ಈ ಲ್ಯಾಬ್ ಅವಳಿಗೆ ದಕ್ಕಿದ್ದು ಆ ಪ್ರಬಂಧದಿಂದ. ಆದರೆ ಅದು ಯಂತ್ರದ ಕಣ್ಣಿಗಷ್ಟೇ ಬೀಳುವ ಗುಣ, ಕೈಯಲ್ಲಿ ಹಿಡಿದ ಅಯಸ್ಕಾಂತಕ್ಕೆ ಓಡಿಬರುವಷ್ಟಲ್ಲ.

ಅವಳ ವಿದ್ಯಾರ್ಥಿನಿ ಪ್ರಣೀತಾಳ ಈ ಪುಡಿ ಬ್ಯಾಕ್ಟೀರಿಯಾವನ್ನೂ ಕೊಲ್ಲುತ್ತಿತ್ತು. ಕೊಳೆನೀರಿಗೆ ಹಾಕುವುದು, ಕ್ರಿಮಿ ಸತ್ತ ಮೇಲೆ ಅಯಸ್ಕಾಂತದಿಂದ ಪುಡಿಯನ್ನು ವಾಪಸು ಎಳೆಯುವುದು: ಹುಡುಗಿಯ ಥೀಸಿಸ್ ನಿಂತದ್ದೇ ಇದರ ಮೇಲೆ. ಎರಡೂ ಇಷ್ಟು ಸಲೀಸಾಗಿ ಕೂಡಿಬಂದದ್ದು ವಿಮಲಾಳಿಗೆ ಹಿಡಿಸಲಿಲ್ಲ. ಒಂದು ಚಿಟಿಕೆ ಕಬ್ಬಿಣದ ಆಕ್ಸೈಡ್ ಬೆರೆಸಿದರೆ ಯಾರಿಗೆ ಗೊತ್ತಾಗುತ್ತದೆ? ಅದರ ಡಬ್ಬವಿದ್ದ ಕಪಾಟಿಗೆ ಬೀಗ ಹಾಕಿ, ಕೀಲಿಯನ್ನು ಪರ್ಸಿಗೆ ಸೇರಿಸಿ, ಪುಡಿಯನ್ನು ತನ್ನೆದುರಿಗೇ ಮತ್ತೊಮ್ಮೆ ಮಾಡುವಂತೆ ಹೇಳಿದಳು.

ಸಾಂತಾಕ್ರೂಜಿನ ಹೋಟೆಲಿನವರ ಮಗಳು ಪ್ರಣೀತಾ ಕೈಗವಸು ಏರಿಸುತ್ತ, "ನಮ್ಮಪ್ಪ ಗಲ್ಲೆಯಲ್ಲಿ ಕೂತು ವೇಟರ್‌ಗಳನ್ನು ನೋಡೋದೂ ಹೀಗೇ ಮ್ಯಾಮ್. ಡೌಟ್ ಉಂಟಾದ್ರೆ ಸೀದಾ ಬೋಲೋ ನಾ," ಎಂದಳು.

"ಡೌಟಿಲ್ದೆ ಸೈನ್ಸ್ ಎಲ್ಲಿದೆಯಮ್ಮಾ? ಮಾಡು, ನೋಡ್ತೀನಿ."

ಮರುದಿನ ಕುಲುಮೆಯಿಂದ ಪಿಂಗಾಣಿ ಬಟ್ಟಲು ಹೊರಬಂದಾಗ ಪುಡಿ ತಳಕ್ಕೆ ಗಟ್ಟಿಯಾಗಿ ಕಚ್ಚಿಕೊಂಡಿತ್ತು. ವಿಮಲಾ ಮೇಲುಪದರದಿಂದ ಒಂದಿಷ್ಟನ್ನು ಪ್ಲಾಸ್ಟಿಕ್ ಕಡ್ಡಿಯಲ್ಲಿ ಉದುರಿಸಿಕೊಂಡು, ನೀರಲ್ಲಿ ಕದಡಿ, ಅಯಸ್ಕಾಂತ ಹಿಡಿದಳು. ಏನೂ ಬರಲಿಲ್ಲ. ಗೆದ್ದವಳಂತೆ ಕಪಾಟಿನ ಬೀಗದತ್ತ ನೋಡಿದಳು. ಪ್ರಣೀತಾ ಉಳಿದದ್ದನ್ನು ತನ್ನ ಸ್ಟೀಲ್ ಸ್ಪ್ಯಾಚುಲಾದ ಚಪ್ಪಟೆ ತುದಿಯಿಂದ ಕರಕರನೆ ಕೆರೆದು ಇನ್ನೊಂದು ಸೀಸೆಗೆ ಹಾಕಿದಳು.

ಈ ಸೀಸೆಯಲ್ಲಿ ಗೆರೆ ಮೂಡಿತು.

ವಿಮಲಾ ಕೈಚಾಚಿ ಆ ಸ್ಪ್ಯಾಚುಲಾ ಇಸಿದುಕೊಂಡಳು. ಲ್ಯಾಬಿಗೆ ಸೇರುವ ಪ್ರತಿಯೊಬ್ಬರಿಗೂ ಪಾತ್ರೆ ಅಂಗಡಿಯಲ್ಲಿ ಹೆಸರು ಕೆತ್ತಿಸಿ ಒಂದನ್ನು ಕೊಡುವುದು ಅವಳ ಗುರುಗಳ ಕಾಲದಿಂದ ಬಂದ ಪದ್ಧತಿ. ಹಿಡಿಯ ಮೇಲೆ ಪ್ರಣೀತಾ ಎಂದಿತ್ತು. ತುದಿ ಓರೆಯಾಗಿ ಸವೆದಿತ್ತು.

"ಯಾವಾಗ್ಲೂ ಇದ್ರಲ್ಲೇ ಕೆರೀತಿದ್ಯಾ?"

"ಮತ್ತೆ? ನೀವೇ ಕೊಟ್ಟದ್ದಲ್ವಾ ಮ್ಯಾಮ್. ಇಲ್ಲಿ ಎಲ್ಲರೂ ಇದ್ರಲ್ಲೇ ಕೆರೆಯೋದು." ಬಟ್ಟಲಿನತ್ತ ನೋಡುತ್ತ ಕೇಳಿದಳು, "ಬ್ಯಾಕ್ಟೀರಿಯಾ ಸಾಯೋದಾದ್ರೂ ನಿಜವಾ?"

"ಕಡ್ಡೀಲಿ ತೆಗೆದ ಪುಡಿ ಹಾಕಿ ಮತ್ತೆ ನೋಡು. ಅದು ನಿಜ ಇರತ್ತೆ."

ಪ್ರಣೀತಾ ಬಟ್ಟಲು ಎತ್ತಿಕೊಂಡು ಒಳಗೆ ಹೋದಳು. ವಿಮಲಾ ಕಪಾಟಿನ ಕೀಲಿಯನ್ನು ಮೇಜಿನ ಮೇಲಿಟ್ಟು, ತನ್ನ ಡ್ರಾಯರ್ ಎಳೆದಳು. ಆ ಪ್ರಬಂಧದ ಕಾಲದ ಹಳೆಯ ಸ್ಪ್ಯಾಚುಲಾ ಹಿಂದಿನ ಮೂಲೆಯಲ್ಲಿತ್ತು. ಅಯಸ್ಕಾಂತ ಹತ್ತಿರ ಒಯ್ದಳು. ಅದು ಟಕ್ಕೆಂದು ನೆಗೆದು ಅಂಟಿತು. ಕೈ ಎತ್ತಿದಾಗ ತಲೆಕೆಳಗಾಗಿ ತೂಗಿದ ಹಿಡಿಯ ಮೇಲೆ ಚುಕ್ಕಿಚುಕ್ಕಿಯಾಗಿ ಅವಳ ಹೆಸರಿತ್ತು. ತುದಿ ಅರ್ಧದಷ್ಟು ಸವೆದುಹೋಗಿತ್ತು.