ಆನೆಯ ಎದೆಮಟ್ಟದ ತಂತಿ

"ಏ ಮುದ್ಕಿ, ಕೋಳಿ ಹಂಗೆ ಏನ್ ಕೆರೀತಿದ್ಯೆ ಅಲ್ಲಿ? ಎದ್ ಬಾ ಈಚೆಗೆ, ನಾಯಿ!"

ಕೋಳಿಯೋ ನಾಯಿಯೋ, ಯಾವುದಾದರೂ ಒಂದನ್ನು ಅಂದಿದ್ದರೆ ಅದಕ್ಕೆ ತಕ್ಕಂತೆ ಎದ್ದು ಬರುತ್ತಿದ್ದೆ. ಬಂಗಲೆಯ ಕಸದ ಗುಂಡಿಯಲ್ಲಿ ಸೊಂಟದವರೆಗೆ ಇಳಿದಿದ್ದೆ. ದಂಡೆಯ ಮೇಲೆ ಫೀಲ್ಡ್ ಆಫೀಸರ್ ಸುರೇಂದ್ರನ್ ಬೂಟು ಅಗಲಿಸಿ ನಿಂತಿದ್ದ. ಹಿಂದೆ ದೊರೆ ಇದ್ದ ಆ ಬಂಗಲೆಯನ್ನು ಈಗ ರಜೆಗೆ ಬರುವವರಿಗೆ ಬಾಡಿಗೆಗೆ ಕೊಡುತ್ತಾರೆ. ಹುಲ್ಲಿನ ಮೇಲೆ ಕುರ್ಚಿ ಹಾಕಿಕೊಂಡು ನಾಲ್ಕು ಜನ ಟೀ ಕುಡಿಯುತ್ತ ನಮ್ಮಿಬ್ಬರನ್ನೂ ನೋಡುತ್ತಿದ್ದರು.

"ಚೀಲ ಸುರಿ."

ಸುರಿದೆ. ಸುಟ್ಟುಹೋದ ಮಿಕ್ಸಿಯ ಹೊಟ್ಟೆ, ಎರಡು ಚಾರ್ಜರು, ಒಂದು ಫ್ಯಾನ್ ರೆಗ್ಯುಲೇಟರು, ನನ್ನ ಎಲೆಯಡಿಕೆ ಸಂಚಿ. ಅವನು ಸಂಚಿಯನ್ನೂ ಕೋಲಿನಿಂದ ತಿರುವಿಹಾಕಿದ.

"ಎಲೆಅಡಿಕೆನೂ ಬಂಗ್ಲೆದಾ ಸಾರ್?" ಅಂದೆ.

"ಬಾಯ್ ಮುಚ್ಚೆ ಮುಂಡೆ. ಈ ಎಸ್ಟೇಟಲ್ಲಿ ಬಿದ್ದ ಕಡ್ಡಿನೂ ಎಸ್ಟೇಟ್‌ದೇ. ನೀ ಸೀನಿದ್ರೆ ಆ ಸೀನೂ ಎಸ್ಟೇಟ್‌ದೇ!"

ಕುರ್ಚಿಯಲ್ಲಿದ್ದವರೊಬ್ಬರು ನಕ್ಕರು. ನಕ್ಕದ್ದಕ್ಕೆ ಅವನು ಅದೇ ಮಾತನ್ನು ಇನ್ನೊಂದು ಸಲ, ಇನ್ನೂ ಜೋರಾಗಿ ಹೇಳಿದ. ಗುಂಡಿಯ ಧೂಳಿಗೆ ನನಗೆ ನಿಜವಾಗಿಯೂ ಸೀನು ಬಂತು. ಎಸ್ಟೇಟಿಗೇ ಬಿಟ್ಟುಕೊಟ್ಟೆ.

ನನ್ನ ಹೆಸರು ಲಿಂಗಿ. ನಡುವಟ್ಟಂನಿಂದ ಗೂಡಲೂರಿಗೆ ಇಳಿಯುವ ಹಾದಿಯ ಈ ತೋಟದಲ್ಲಿ ನಲವತ್ತೊಂದು ವರ್ಷ ಚಿಗುರು ಕಿತ್ತಿದ್ದೇನೆ. ನಮ್ಮಜ್ಜಿ ಗುಂಡ್ಲುಪೇಟೆ ಕಡೆಯಿಂದ ಕಾಡು ದಾಟಿ ಬಂದವಳು. ನಾವಿರುವುದು ಪಾಡಿಯಲ್ಲಿ. ಪಾಡಿ ಎಂದರೆ ಕೂಲಿಗಳ ಸಾಲುಮನೆ, ಒಂದು ಮನೆಯ ಕೆಮ್ಮು ಹತ್ತು ಮನೆಗೆ ಕೇಳುತ್ತದೆ. ನಮ್ಮ ಪಕ್ಕದ ಮನೆಯಲ್ಲಿ ಸಿಲೋನಿನಿಂದ ಬಂದ ಕಾಳಿಮುತ್ತು ಎಂಬ ಮುದುಕ ಇದ್ದ. ರೇಡಿಯೋ ರಿಪೇರಿ ಅವನ ಹುಚ್ಚು. ನಾನಾಗ ಹೊಸ ಸೊಸೆ, ಅವನಿಗೆ ದೀಪ ಹಿಡಿಯುವುದು ನನ್ನ ಕೆಲಸ. ದೀಪ ಹಿಡಿದವರಿಗೆ ಎಲ್ಲ ಕಾಣುತ್ತದೆ.

"ತಂತಿ ಸುಡಬೇಡ, ಬಿಚ್ಚು" ಎನ್ನುತ್ತಿದ್ದ. ಗುಜರಿಗೆ ಹಾಕುವವರು ಟಯರಿನ ಬೆಂಕಿಗೆ ಒಡ್ಡಿ ಸುಡುತ್ತಾರೆ. ತಾಮ್ರ ಕರ್ರಗಾಗಿ ಪುಡಿಪುಡಿಯಾಗುತ್ತದೆ, ಮೇಲಿನ ಮೆರುಗು ಹೋದರೆ ಆಮೇಲೆ ಅದು ಯಾವ ಕೆಲಸಕ್ಕೂ ಬಾರದು. ಬಿಚ್ಚುವುದೆಂದರೆ ಬೇರೆ ರೀತಿ. ಟ್ರಾನ್ಸ್‌ಫಾರ್ಮರಿನ ಕಬ್ಬಿಣದ ಹಾಳೆಗಳನ್ನು ಒಂದೊಂದಾಗಿ ಚಾಕುವಿನ ಹಿಡಿಯಿಂದ ತಟ್ಟಿ ಬಿಡಿಸಬೇಕು. ಒಳಗಿನ ಸುರುಳಿಯನ್ನು ಬಿದಿರು ಕಡ್ಡಿಗೆ ಪೋಣಿಸಿ, ತುದಿ ಹುಡುಕಿ, ಅವಸರವಿಲ್ಲದೆ ಎಳೆಯಬೇಕು. ಎಳೆದರೆ ಬರುತ್ತದೆ, ಸಿಟ್ಟಿನಿಂದ ಎಳೆದರೆ ಹರಿಯುತ್ತದೆ. ಹಳೆಯ ದಪ್ಪ ಟಿವಿ ಸಿಕ್ಕರಂತೂ ಹಬ್ಬ. ಅದರ ಗಾಜಿನ ಸುತ್ತ ಕಪ್ಪು ಪಟ್ಟಿ ಸುತ್ತಿದ ದೊಡ್ಡ ಬಳೆಯೊಂದಿರುತ್ತದೆ, ಬಿಚ್ಚಿದರೆ ಒಂದು ಗುಡ್ಡ ಹತ್ತಿ ಇಳಿಯುವಷ್ಟು ತಂತಿ. ಆದರೆ ಮುಟ್ಟುವ ಮುನ್ನ ಕಾಯಬೇಕು. ಸತ್ತ ಟಿವಿಯೂ ಒಳಗೊಳಗೇ ಸಿಟ್ಟು ಇಟ್ಟುಕೊಂಡಿರುತ್ತದೆ.

ಕಾಳಿಮುತ್ತು ಹೋದ ಮೇಲೂ ನಾನು ಬಿಚ್ಚುತ್ತಲೇ ಇದ್ದೆ. ಆಟಕ್ಕೆ. ಬ್ಯಾಟರಿ ಇಲ್ಲದ ರೇಡಿಯೋ ಒಂದು ಮಾಡಿದೆ, ಗುಂಯ್ ಎಂದು ಯಾರೋ ಮಾತಾಡುತ್ತಾರೆ, ಯಾವ ಭಾಷೆಯೋ ಇನ್ನೂ ತಿಳಿದಿಲ್ಲ. ಒಲೆ ಊದಲು ಪುಟ್ಟ ಫ್ಯಾನು ಮಾಡಿದೆ, ಅದು ಉಸಿರನ್ನು ಒಳಕ್ಕೆ ಎಳೆದುಕೊಳ್ಳುತ್ತದೆ.

ಆನೆಗಂಟೆ ಮಾತ್ರ ಆಟದ್ದಲ್ಲ. ನಮ್ಮ ಕಕ್ಕಸು ಕುಸಿದು ಮೂರು ವರ್ಷವಾಗಿತ್ತು. ಹೆಂಗಸರು ಬೆಳಕು ಹರಿಯುವ ಹೊತ್ತಿಗೆ ಮೇಲಿನ ಹಲಸಿನ ಮರಗಳ ಕಡೆಗೇ ಹೋಗಬೇಕು. ಅದೇ ಹೊತ್ತಿಗೆ ಹಲಸಿಗೆ ಆನೆಯೂ ಬರುತ್ತದೆ. ಹೋದ ವರ್ಷ ನಮ್ಮ ಸಾಲಿನ ಪಾಪಾತಿ ಆನೆಗೆ ಎದುರಾಗಿ, ಓಡಿ, ಚರಂಡಿಗೆ ಬಿದ್ದು ಕಾಲು ಮುರಿದುಕೊಂಡಳು. ಒಂದು ಸೈರನ್ ಹಾಕಿಸಿ ಎಂದು ಆಫೀಸಿಗೆ ಹೋದರೆ, "ಆನೆ ಬಂದಾಗ ಬಂದು ಹೇಳಿ" ಎಂದರು.

ಪಾಡಿಯ ಮೇಲುಗಡೆ ಗೂಟ ನೆಟ್ಟು ತಂತಿ ಸುತ್ತಿದೆ. ತಂತಿ ನೆಟ್ಟಗಿರುವವರೆಗೆ ಅದರೊಳಗಿನ ಕರೆಂಟಿಗೆ ಒಂದು ಬೋಲ್ಟು ಅಯಸ್ಕಾಂತವಾಗಿ ಕಬ್ಬಿಣದ ನಾಲಗೆಯನ್ನು ಹಿಡಿದಿರುತ್ತದೆ. ಆನೆ ತಂತಿ ಹರಿದರೆ ನಾಲಗೆ ಬೀಳುತ್ತದೆ, ಹಾರನ್ ಕೂಗುತ್ತದೆ. ಬ್ಯಾಟರಿ ಬಂಗಲೆಯವರು ಎಸೆದ ಸೋಲಾರ್ ದೀಪಗಳದ್ದು. ಹಾರನ್ ಚಿಗುರು ಸಾಗಿಸುವ ಲಾರಿಯದ್ದು, ಹಿಂದಕ್ಕೆ ಬರುವಾಗ ಹಾಡುತ್ತದಲ್ಲ, ಅದು. ಡ್ರೈವರ್ ಸಂತೋಷ್‌ಕುಮಾರ್ ಹೊಸದು ಹಾಕಿಸಿಕೊಂಡು ಹಳೆಯದನ್ನು ನನಗೆ ಕೊಟ್ಟಿದ್ದ.

ಮೊದಲ ದಿನವೇ ಹಾರನ್ ಹನ್ನೊಂದು ಸಲ ಹಾಡಿತು. ಹನ್ನೊಂದು ಸಲವೂ ಆನೆ ಇಲ್ಲ. ತಲೆ ಕೆಟ್ಟು ನಾನೇ ಗೂಟದ ಬಳಿ ಕೂತು ಕಾದೆ. ಹೆಂಗಸರು ಮಾತಾಡುತ್ತ ಬಂದರು. ತಂತಿ ಸೊಂಟದ ಮಟ್ಟದಲ್ಲಿತ್ತು. ಪಾಪಾತಿಯ ಕೈ, ಅವಳಿಗೆ ಗೊತ್ತೇ ಇಲ್ಲದೆ, ತಂತಿಯನ್ನು ಚಿಟಕ್ಕನೆ ಚಿವುಟಿ, ಬೆನ್ನ ಹಿಂದೆ, ಇಲ್ಲದ ಬುಟ್ಟಿಗೆ ಎಸೆಯಿತು!

"ಏನ್ ಮಾಡ್ದೆ ಪಾಪಾತಿ?"

"ನಾನೇನ್ ಮಾಡ್ದೆ ಅಕ್ಕಾ?"

"ನನ್ ತಂತಿ ಕೊಯ್ದೆ."

"ಅಯ್ಯೋ, ಚಿಗ್ರು ಅಂದ್ಕಂಬುಡ್ತು ಕನಕ್ಕ ಬೆಳ್ಳು."

ಚಿಗುರು ಕೀಳುವವರ ಕೈಗೆ ಕಣ್ಣು ಬೇಡ. ಸೊಂಟದ ಮಟ್ಟದಲ್ಲಿ ಎಳೆಯದು ಏನು ತಗುಲಿದರೂ ಹೆಬ್ಬೆರಳು ಕೇಳದೇ ಚಿವುಟುತ್ತದೆ. ನನ್ನ ಬೆರಳೂ ಎರಡು ಸಲ ಚಿವುಟಿತ್ತು, ಯಾರಿಗೂ ಹೇಳಲಿಲ್ಲ. ತಂತಿಯನ್ನು ಆನೆಯ ಎದೆಮಟ್ಟಕ್ಕೆ ಏರಿಸಿದೆ.

ಎಂಟು ದಿನ ಬಿಟ್ಟು ಒಂದು ಬೆಳಗ್ಗೆ ಆನೆ ಬಂತು. ಹಾರನ್ ಹಾಡಿತು. ಹೆಂಗಸರು ಚೊಂಬು ಸಮೇತ ಓಡಿ ಬಾಗಿಲು ಹಾಕಿಕೊಂಡರು. ಲಾರಿ ಎಲ್ಲಿ ಹಿಂದಕ್ಕೆ ಬರುತ್ತಿದೆ ಎಂದು ಆನೆ ಸುತ್ತಲೂ ನೋಡಿ, ಬೇಸರವಾದಂತೆ ಕಿವಿ ಬೀಸಿ, ಕಾಡಿಗೆ ಇಳಿಯಿತು. ಆ ಹಲಸಿನ ಕಾಲದಲ್ಲಿ ಹೀಗೆ ಆರು ಸಲ. ಒಂದು ಕಾಲೂ ಮುರಿಯಲಿಲ್ಲ.

ಗುಂಡಿಯಲ್ಲಿ ನಾನು ಸಿಕ್ಕಿಬಿದ್ದ ಮರುದಿನ ಸುರೇಂದ್ರನ್ ಪಾಡಿಗೆ ಬಂದ. ಬೆಳಗಿನ ಹಾಡಿನಿಂದ ಗೆಸ್ಟುಗಳಿಗೆ ನಿದ್ದೆ ಕೆಡುತ್ತಿದೆಯಂತೆ. ಕತ್ತಿಯಿಂದ ತಂತಿ ಕಡಿದ. ಮೊಳಕೈಗೆ ಸುತ್ತಿಕೊಂಡು ಎಳೆದ. ನಾನು ಕೈಯಾರೆ ಬಿಚ್ಚಿದ ತಂತಿ ಗಂಟುಗಂಟಾಗಿ ಅವನ ಮುಂದೆ ಹಂದಿಯ ಕೂದಲಿನಂತೆ ಬಿತ್ತು. ಹಾರನ್ ಕಿತ್ತು ಕಂಕುಳಲ್ಲಿಟ್ಟುಕೊಂಡ.

"ಅದು ಲಾರಿದು ಸಾರ್" ಅಂದೆ.

"ನಿಮ್ಮಪ್ಪನ್ ಲಾರಿಯೇನೇ?"

ಶುಕ್ರವಾರ ಹಾಜರಿ ಮೈದಾನಕ್ಕೆ ಕರೆಸಿದರು. ಮ್ಯಾನೇಜರ್ ಗಿರಿಧರನ್ ಕೊಯಮತ್ತೂರಿನವನು, ಬೈಯುವುದಿಲ್ಲ, ಅಜ್ಜಿಯರನ್ನು ತಮಿಳಿನಲ್ಲಿ ಪಾಟ್ಟಿ ಎಂದು ಕರೆದು ನಗುನಗುತ್ತಲೇ ಕೊಯ್ಯುತ್ತಾನೆ.

"ಪಾಟ್ಟಿ, ಕದ್ದೆ ಅಂತ ಇಲ್ಲೊಂದು ಹೆಬ್ಬೆಟ್ಟು ಒತ್ತಿಬಿಡಿ. ಕಥೆ ಮುಗೀತು. ಇಲ್ಲಾಂದ್ರೆ ನಿಮ್ಮ ಸೊಸೆ ಹೆಸರು ಹಾಜರಿಯಿಂದ ತೆಗೀಬೇಕಾಗ್ತದೆ."

ಸೊಸೆ ಜೀವಿತಾ ನನ್ನ ಪಕ್ಕದಲ್ಲೇ ಇದ್ದಳು. ಪ್ಲಸ್ ಟೂ ಓದಿದವಳು. ನಾನು ಹೆಬ್ಬೆರಳನ್ನು ಸೆರಗಿನೊಳಗೆ ಮುಚ್ಚಿಕೊಂಡೆ.

"ಕದ್ದಿಲ್ಲ ದೊರೆ. ನೀವು ಎಸ್ದಿದ್ರಿ" ಅಂದೆ.

"ಎಸೆದ್ರೂ ಎಸ್ಟೇಟ್‌ದೇ."

"ಅಂಗಾದ್ರೆ ವಾಪಸ್ ಕೊಡ್ತೀವಿ" ಎಂದಳು ಜೀವಿತಾ. "ಬರ್ದು ಕೊಡಿ. ಏನೇನ್ ಕೊಡ್ಬೇಕು, ಎಲ್ಲಿ ಮಡಗ್ಬೇಕು."

ಅವನಿಗೆ ಖುಷಿಯಾಯಿತು. ಅಲ್ಲೇ ಬರೆಸಿ ಸೀಲು ಒತ್ತಿಸಿದ. ಜೀವಿತಾ ಎಲ್ಲರಿಗೂ ಕೇಳುವಂತೆ ಓದಿದಳು: ಬಂಗಲೆಯಿಂದ ಹೊರಬಿದ್ದ ಎಲ್ಲ ಸಾಮಾನೂ ಎಸ್ಟೇಟಿನ ಆಸ್ತಿ. ಏನೇ ಇರಲಿ, ಎಲ್ಲೇ ಇರಲಿ, ಭಾನುವಾರದೊಳಗೆ ಬಂಗಲೆಗೆ ತಂದು ಒಪ್ಪಿಸತಕ್ಕದ್ದು.

"ಏನೇ ಇರ್ಲಿ?" ಪಾಪಾತಿ ಕೇಳಿದಳು.

"ಏನೇ ಇರಲಿ" ಎಂದ ಮ್ಯಾನೇಜರ್.

ಭಾನುವಾರ ಚಿಗುರು ತುಂಬುವ ಬಲೆಚೀಲಗಳನ್ನು ಹೊತ್ತು ಮೂವತ್ತಾರು ಹೆಂಗಸರು ಹೊರಟೆವು. ಬಂಗಲೆಯ ಗುಂಡಿ ತುಂಬಿ ತುಳುಕಿ, ವರ್ಷಗಳಿಂದ ನಮ್ಮ ಹಳ್ಳಕ್ಕೆ ಜಾರುತ್ತಿತ್ತು. ಆ ಹಳ್ಳದ ನೀರನ್ನೇ ನಾವು ಕುಡಿಯುವುದು. ಹಳ್ಳದಿಂದ ಶುರು ಮಾಡಿ ಮೇಲಕ್ಕೆ ಬಾಚುತ್ತ ಹೋದೆವು. ಬಿಯರ್ ಬಾಟಲಿ, ಟ್ಯೂಬ್‌ಲೈಟು, ಒಂದು ಹಳೆಯ ದಪ್ಪ ಟಿವಿ, ನೀರು ಕುಡಿದು ಎಮ್ಮೆಯಂತಾದ ಹಾಸಿಗೆ, ಒಡೆದ ಕಮೋಡು, ಗೆಸ್ಟುಗಳ ಕೂಸುಗಳು ಹೇತ ಚಡ್ಡಿಗಳು. ಚಿಗುರಿನ ಹಾಗೇ ಚೊಕ್ಕಟವಾಗಿ ಬೇರೆಬೇರೆ ಮಾಡಿ, ಬಂಗಲೆಯ ವರಾಂಡದಲ್ಲಿ ಸಾಲಾಗಿ ಜೋಡಿಸಿದೆವು. ಗೆಸ್ಟುಗಳ ತಿಂಡಿಯ ಹೊತ್ತು. ನಮ್ಮಲ್ಲೊಬ್ಬಳು, ಕಾಳಿಯಮ್ಮ, ಕಮೋಡನ್ನು ಇಡ್ಲಿ ತಟ್ಟೆಗಳ ಮೇಜಿನ ಪಕ್ಕವೇ ಇಟ್ಟು, ಸೆರಗಿನಿಂದ ಒರೆಸಿದಳು.

ಮ್ಯಾನೇಜರ್ ಓಡಿ ಬಂದ. ಮೊದಲ ಸಲ ಅವನ ನಗು ಎಲ್ಲೋ ಉಳಿದುಬಿಟ್ಟಿತ್ತು.

"ಏನಿದು? ಏನ್ರೀ ಇದು ನಾತ!"

"ನಿಮ್ದೇ ದೊರೆ" ಎಂದಳು ಪಾಪಾತಿ. "ಇನ್ನೂ ಎಲ್ಡ್ ನಡೆ ಹೊರೆ ಅದೆ, ತತ್ತಾವ್ರೆ."

"ಸುರೇಂದ್ರಾ, ಎತ್ತಿಸೋ ಇದನ್ನ!"

"ಅವ್ರ್ ಯಾಕೆ ಎತ್ತಾರು? ಇದು ಎಸ್ಟೇಟ್ ಆಸ್ತಿ" ಎಂದು ಜೀವಿತಾ ಸೀಲಿನ ಕಾಗದವನ್ನು ಬಿಚ್ಚಿ ಹಿಡಿದಳು. ಗೆಸ್ಟುಗಳಲ್ಲೊಬ್ಬಳು ಮೂಗು ಮುಚ್ಚಿಕೊಂಡೇ ಫೋನು ಎತ್ತಿ ವಿಡಿಯೋ ಮಾಡತೊಡಗಿದಳು.

"ತಗೊಂಡು ಹೋಗ್ರೇ! ಏನ್ ಬೇಕೋ ತಗೊಂಡು ತೊಲಗಿ!" ಎಂದು ಅರಚಿದ ಮ್ಯಾನೇಜರ್.

ಏನು ಬೇಕೋ ಅದನ್ನೇ ತಗೊಂಡೆವು. ನನಗೆ ಬೇಕಾದದ್ದು ಆ ದಪ್ಪ ಟಿವಿ, ತಲೆಯ ಮೇಲಿಟ್ಟುಕೊಂಡೆ. ಸಾಕ್ಷಿಗೆಂದು ಬಂಗಲೆಯ ಆಫೀಸ್ ಕೋಣೆಯ ಮೇಜಿನ ಮೇಲೆ ಇಟ್ಟಿದ್ದ ಹಾರನ್ನನ್ನು ಜೀವಿತಾ ಕಂಕುಳಿಗೆ ಸಿಕ್ಕಿಸಿಕೊಂಡಳು. ಉಳಿದದ್ದು ಸಾಲಾಗಿ ಅಲ್ಲೇ ಇತ್ತು. ಕೂಲಿಗಳು ಹಿಂದಿನ ಹಾದಿಯಿಂದ ಬರಬೇಕು, ಹೋಗಬೇಕು. ನಾವು ಮುಂದಿನ ಮೆಟ್ಟಿಲಿಳಿದು, ದೊಡ್ಡ ಗೇಟಿನಿಂದಲೇ ಬಂದೆವು.

ಸೋಮವಾರ ಬೆಳಗ್ಗೆ ಹಾಜರಿ ಹಾಕುವವನು ಜೀವಿತಾಳ ಹೆಸರು ಕರೆಯಲಿಲ್ಲ. ಪಟ್ಟಿಯಲ್ಲಿ ಅವಳ ನಂತರದ ಹೆಸರಿನವಳು ಕರೆದರೂ "ಇದೀನಿ" ಎನ್ನಲಿಲ್ಲ. ಅದರ ನಂತರದವಳೂ ಅನ್ನಲಿಲ್ಲ. ಎಲ್ಲರೂ ಚಿಗುರಿಗೆ ಹೋಗದೆ ಮೈದಾನದಿಂದ ಪಾಡಿಗೆ ನಡೆದು ಬಂದರು.

ನಾನು ರಸ್ತೆಯ ಬದಿಯ ಕಲ್ಲಿನ ಮೇಲೆ ಟಿವಿಯ ಬಳೆಯನ್ನು ಬಿದಿರಿಗೆ ಪೋಣಿಸಿಕೊಂಡು ಕೂತಿದ್ದೆ. ಈ ಸಲ ತಂತಿ ರಸ್ತೆ ದಾಟಿ, ಆಚೆಯ ಹಳ್ಳದ ನೀರಿನ ನಲ್ಲಿಯನ್ನೂ ಸುತ್ತಿ ಬರಬೇಕಿತ್ತು. ಕಂಬ ಇನ್ನೂ ನೆಟ್ಟಿರಲಿಲ್ಲ. ಜೀವಿತಾ ತುದಿ ಹಿಡಿದು ಹೊರಟಳು. ಹತ್ತು ಹೆಜ್ಜೆಗೊಬ್ಬರು ತಂತಿಗೆ ಕೈಯೊಡ್ಡಿ ನಿಂತರು, ಆನೆಯ ಎದೆಮಟ್ಟಕ್ಕೆ ಎತ್ತಿ.

ಮಂಜಿನೊಳಗಿಂದ ಜೀಪು ಬಂತು. ಸುರೇಂದ್ರನ್ ಓಡಿಸುತ್ತಿದ್ದ, ಪಕ್ಕದಲ್ಲಿ ಮ್ಯಾನೇಜರ್. ರಸ್ತೆಯ ಅಡ್ಡ ತಂತಿ, ಹೊಲಿಗೆ ದಾರದಷ್ಟು. ಗಾಜಿಗೆ ಒಂದು ಮೊಳವಿರುವಾಗ ಜೀಪು ನಿಂತಿತು.

"ಕೈ ಇಳಿಸ್ರೇ, ನಾಯಿಗಳಾ!"

ಯಾರೂ ಇಳಿಸಲಿಲ್ಲ.

"ಹರ್ಕಂಡೇ ವೋಗಿ ಸಾರ್" ಎಂದಳು ಪಾಪಾತಿ, ಕುಂಟುಗಾಲನ್ನು ಬದಲಿಸಿ ನಿಂತು. "ದಾರದಂಗದೆ. ಏನ್ ಕಷ್ಟ?"

ಸುರೇಂದ್ರನ್ ಹಾರನ್ ಹೊಡೆದ. ಮತ್ತೆ ಹೊಡೆದ. ಗೇರು ಹಾಕಿದ, ತೆಗೆದ. ಮ್ಯಾನೇಜರ್ ಏನೋ ಅಂದ, ಗಾಜಿನೊಳಗಿಂದ ಕೇಳಲಿಲ್ಲ. ಆಚೆ ಬದಿಯಿಂದ ಜೀವಿತಾ ಕೂಗಿದಳು:

"ಅತ್ತೆ, ಇನ್ನೂ ಅದಾ ತಂತಿ?"

ಬಳೆಯನ್ನು ಮುಟ್ಟಿ ನೋಡಿದೆ. ಅರ್ಧವೂ ಮುಗಿದಿರಲಿಲ್ಲ.

"ಅದೆ" ಎಂದೆ. "ನಡಿ ನೀನು."