ಬೀಳೋ ಹಲ್ಲಿಗೆ ಡಾಕ್ಟರ್ ಯಾಕೆ?

ಆ ಓಣಿಯಲ್ಲಿ ಮಕ್ಕಳ ಹಲ್ಲು ಅಲುಗಾಡತೊಡಗಿದರೆ ತಾಯಂದಿರು ಮೊದಲು ನೆನೆಸುತ್ತಿದ್ದುದು ಚೀಲದಜ್ಜನನ್ನು. ಹರಿದ ಚೀಲ ಹೊಲಿಯುವುದು, ಕಿತ್ತುಹೋದ ಜಿಪ್ಪು ಕೂರಿಸುವುದು ಅಜ್ಜನ ಕಸುಬು. ಮೇಣ ಸವರಿದ ಗಟ್ಟಿ ದಾರ ಅವನ ಕೈಯಲ್ಲಿ ಯಾವಾಗಲೂ ಇರುತ್ತಿತ್ತು. ಅದರ ತುದಿಯನ್ನು ಹಲ್ಲಿಗೆ ಗಂಟು ಹಾಕಿ, "ಅಲ್ನೋಡು, ಆನೆ ಬಂತು!" ಎನ್ನುವನು. ಮಗು ಬಾಗಿಲ ಕಡೆ ತಿರುಗುವಷ್ಟರಲ್ಲಿ ಹಲ್ಲು ದಾರದಲ್ಲಿ ತೂಗಾಡುತ್ತಿರುತ್ತಿತ್ತು. ಆನೆ ಒಂದು ದಿನವೂ ಬರಲಿಲ್ಲ. ಆದರೂ ಇಪ್ಪತ್ತು ವರ್ಷ ಮಕ್ಕಳು ತಿರುಗಿ ನೋಡಿದರು. ಹಲ್ಲು ಕೀಳುವುದರಲ್ಲಿ ಅಜ್ಜನದು ಎತ್ತಿದ ಕೈ ಎಂದು ಓಣಿಯವರೆಲ್ಲ ಹೊಗಳಿದರು. ಹೊಗಳಿಸಿಕೊಂಡು ಹೊಗಳಿಸಿಕೊಂಡು ತಾನು ಅರ್ಧ ಡಾಕ್ಟರು ಎನ್ನುವ ನಂಬಿಕೆ ಅಜ್ಜನಿಗೂ ಬಂದುಬಿಟ್ಟಿತ್ತು. ಕೇಡು ಶುರುವಾದದ್ದು ಅಲ್ಲಿಂದ.

ಅಜ್ಜನಿಗೆ ಒಬ್ಬಳೇ ಮಗಳು, ಆ ಮಗಳಿಗೆ ಒಬ್ಬಳೇ ಮಗಳು. ಐದು ವರ್ಷದ ಆ ಮೊಮ್ಮಗಳನ್ನು ಎಲ್ಲರೂ ಗುಬ್ಬಿ ಎಂದೇ ಕರೆಯುತ್ತಿದ್ದರು. ಮಗಳು ಬಿಸ್ಕತ್ತು ಕಾರ್ಖಾನೆಯಲ್ಲಿ ಪ್ಯಾಕಿಂಗ್ ಕೆಲಸಕ್ಕೆ ಹೋಗುವಳು. ಒಡೆದ ಬಿಸ್ಕತ್ತುಗಳು ದಿನವೂ ಒಂದು ಪೊಟ್ಟಣ ಮನೆಗೆ ಬರುತ್ತಿದ್ದವು. ಗುಬ್ಬಿ ಇಡೀ ದಿನ ಅಜ್ಜನ ಅಂಗಡಿಯಲ್ಲೇ ಇರುವಳು. ಅತ್ತರೆ ಬಿಸ್ಕತ್ತು, ಹಟ ಮಾಡಿದರೆ ಬಿಸ್ಕತ್ತು. ಮಲಗಬೇಕಾದರೆ ಸಕ್ಕರೆ ಹಾಕಿದ ಹಾಲಿನ ಬಾಟಲಿ ಬಾಯಲ್ಲಿ ಇರಲೇಬೇಕು. ಬೆಳಿಗ್ಗೆ ಬ್ರಷ್ ಮೇಲಿನ ಪೇಸ್ಟನ್ನು ನೆಕ್ಕಿ, ಬ್ರಷ್ ತಿರುಗಿ ಇಟ್ಟರೆ ಅವಳ ಹಲ್ಲುಜ್ಜುವ ಕೆಲಸ ಮುಗಿದಂತೆ. ಯಾರೂ ಗಮನಿಸಲಿಲ್ಲ.

ಒಂದು ದಿನ ಆರೋಗ್ಯ ಕೇಂದ್ರದ ನರ್ಸಮ್ಮ ಲಸಿಕೆ ಒಯ್ಯುವ ಚೀಲದ ಪಟ್ಟಿ ಹೊಲಿಸಲು ಬಂದರು. ಕಾಯುತ್ತ ಕೂತವರು ಗುಬ್ಬಿಯನ್ನೇ ನೋಡಿದರು.

"ಅಜ್ಜ, ಮಗು ಒಂದೇ ಕಡೆ ಅಗೀತಿದೆಯಲ್ಲ. ಬಾಯಿ ನೋಡಿದ್ರಾ?"

"ದವಡೆ ಹಲ್ಲೊಂದು ಕಪ್ಪಾಗಿದೆ, ನರ್ಸಮ್ಮ. ಅಲುಗಾಡ್ಲಿ ಅಂತ ಕಾಯ್ತಿದೀನಿ."

"ಅದು ಅಲುಗಾಡೋ ಹಲ್ಲಲ್ಲ ಅಜ್ಜ. ಮುಂದಿನ ಹಲ್ಲು ಆರೇಳು ವರ್ಷಕ್ಕೆ ಬೀಳುತ್ತೆ. ದವಡೇದು ಹತ್ತು ಹನ್ನೊಂದರವರೆಗೂ ಇರಬೇಕು. ಹುಳುಕು ಒಳಗೆ ಇಳಿದ್ರೆ ಕೀವಾಗುತ್ತೆ. ಮಕ್ಕಳ ಹಲ್ಲು ನೋಡೋ ಡಾಕ್ಟರಿಗೆ ತೋರಿಸಿ."

ಅಜ್ಜ ನಕ್ಕುಬಿಟ್ಟ. "ಬೀಳೋ ಹಲ್ಲಿಗೆ ಡಾಕ್ಟರ್ ಯಾಕೆ? ಉಗುರಲ್ಲಿ ಹೋಗೋದಕ್ಕೆ ಕೊಡಲಿ ತಗೊಂಡ್ರಂತೆ!"

ನರ್ಸಮ್ಮ ಇನ್ನೆರಡು ಸಲ ಹೇಳಿದರು. ಅಜ್ಜ ಚೀಲ ಕೊಟ್ಟು ಕಳಿಸಿದ.

ಹದಿನೈದು ದಿನ ಕಳೆಯುವಷ್ಟರಲ್ಲಿ ಗುಬ್ಬಿಯ ಕೆನ್ನೆ ಊದಿತು. ನೋವಿಗೆ ಮಗು ಅಂಗಡಿಯ ಮೂಲೆಯಲ್ಲಿ ಮುದುಡಿಕೊಂಡು ನರಳುತ್ತಿತ್ತು. ಮಗಳು ಕೆಲಸಕ್ಕೆ ಹೋಗಿದ್ದಳು. ಅಜ್ಜ ದಾರ ತೆಗೆದ. ಆನೆಯನ್ನೂ ಕರೆದ. ಹಲ್ಲು ಜಗ್ಗಲಿಲ್ಲ, ದಾರ ಒಸಡನ್ನು ಕೊಯ್ದಿತು. ಗುಬ್ಬಿಯ ಕಿರುಚಾಟಕ್ಕೆ ಪಕ್ಕದ ಅಂಗಡಿಯವರು ಓಡಿಬಂದರು.

ಆಗಲಾದರೂ ಬುದ್ಧಿ ಬರಬೇಕಿತ್ತು. ಬರಲಿಲ್ಲ. ಬಸ್ ನಿಲ್ದಾಣದ ಹತ್ತಿರ ಕಟ್ಟುಹಲ್ಲು ಮಾಡಿಕೊಡುವವನೊಬ್ಬನಿದ್ದ. ಅಜ್ಜನ ಹಳೆಯ ಗಿರಾಕಿ. ಅಜ್ಜ ಮಗುವನ್ನು ಎತ್ತಿಕೊಂಡು ಅಲ್ಲಿಗೆ ಹೋದ. ಬೋರ್ಡಿನ ಮೇಲೆ ಕುಂಬಳಕಾಯಿ ಗಾತ್ರದ ಹಲ್ಲಿನ ಚಿತ್ರವಿತ್ತೇ ಹೊರತು ಓದಿದ್ದೇನು, ಎಲ್ಲಿ ಎಂಬುದು ಒಂದಕ್ಷರವೂ ಇರಲಿಲ್ಲ.

"ಎರಡು ನಿಮಿಷದ ಕೆಲಸ. ತಲೆ ಗಟ್ಟಿಯಾಗಿ ಹಿಡ್ಕೊ" ಎಂದ ಅವನು.

ಅಜ್ಜ ಹಿಡಿದುಕೊಂಡ. ಮರಗಟ್ಟಿಸುವ ಸೂಜಿಮದ್ದಿಲ್ಲ, ಗ್ಲೌಸ್ ಇಲ್ಲ. ಇಕ್ಕಳ ಒಳಗೆ ಹೋಯಿತು. ಮಗು ಅಜ್ಜನ ಮುಖವನ್ನೇ ನೋಡುತ್ತಿತ್ತು. "ಅಜ್ಜಾ, ಬಿಡು, ಬಿಡು" ಎನ್ನುತ್ತಿತ್ತು. ಅಜ್ಜ ಬಿಡಲಿಲ್ಲ. ಹಲ್ಲಿನ ಮೇಲ್ಭಾಗವಷ್ಟೇ ಮುರಿದು ಬಂತು, ಬೇರು ಒಳಗೇ ಉಳಿಯಿತು. "ಎಲ್ಲಾ ಬಂತು" ಎಂದು ಹೇಳಿ ಅವನು ನಾಲ್ಕು ಮಾತ್ರೆ ಕೊಟ್ಟ.

ಮೂರನೆಯ ದಿನ ಊತ ಕುತ್ತಿಗೆಗೆ ಇಳಿಯಿತು. ಮೈ ಕಾದ ಹಂಚಿನಂತೆ ಸುಡುತ್ತಿತ್ತು. ಮಗು ಎಂಜಲು ನುಂಗಲೂ ಆಗದೆ ಬಾಯಿಂದ ಸುರಿಸತೊಡಗಿದಾಗ ಮಗಳು ಅದನ್ನು ಎತ್ತಿಕೊಂಡು ದೊಡ್ಡಾಸ್ಪತ್ರೆಗೆ ಓಡಿದಳು. ಅಜ್ಜ ಚಪ್ಪಲಿಯನ್ನೂ ಮೆಟ್ಟದೆ ಹಿಂದೆ ಓಡಿದ.

ಅಲ್ಲಿಯ ಡಾಕ್ಟರು ನೋಡಿದವರೇ ಮಗುವನ್ನು ಒಳಗೆ ಒಯ್ದರು. ಆಮೇಲೆ ಹೊರಗೆ ಬಂದು ಹೇಳಿದರು: "ಕೀವು ಗಂಟಲ ಹತ್ರ ಹರಡಿತ್ತು. ಇನ್ನರ್ಧ ದಿನ ತಡವಾಗಿದ್ರೆ ಉಸಿರು ಕಟ್ತಿತ್ತು."

ದವಡೆಯ ಕೆಳಗೆ ಕೊಯ್ದು ಕೊಳವೆ ಇಟ್ಟು ಕೀವು ತೆಗೆದರು. ಒಳಗುಳಿದ ಬೇರನ್ನೂ ತೆಗೆದರು. ಹನ್ನೊಂದು ದಿನ ಗುಬ್ಬಿ ಆಸ್ಪತ್ರೆಯಲ್ಲಿದ್ದಳು. ಮಗಳು ಆ ಹನ್ನೊಂದು ದಿನವೂ, ಮನೆಗೆ ಬಂದ ಮೇಲೂ ಅಪ್ಪನ ಜೊತೆ ಮಾತಾಡಲಿಲ್ಲ. ಬೈದಿದ್ದರೆ ಅಜ್ಜನಿಗೆ ಎಷ್ಟೋ ಹಗುರವಾಗುತ್ತಿತ್ತು.

ಮಗು ಬದುಕಿತು. ಆದರೆ ಮನೆಗೆ ಬಂದ ಮೇಲೆ ಯಾರ ಮುಂದೆಯೂ ಬಾಯಿ ತೆರೆಯಲಿಲ್ಲ. ಗೋಡೆ ಕಡೆ ತಿರುಗಿಕೊಂಡು ತಿನ್ನುವಳು. ಅಜ್ಜ ಹತ್ತಿರ ಬಂದರೆ ಎರಡೂ ಕೈಯಿಂದ ಬಾಯಿ ಮುಚ್ಚಿಕೊಳ್ಳುವಳು. ಇತ್ತ ಆಸ್ಪತ್ರೆಯವರು ಚೀಟಿಯಲ್ಲಿ ಬರೆದು ಕಳಿಸಿದ್ದರು: ಇನ್ನೂ ಮೂರು ಹಲ್ಲು ಹುಳುಕಾಗಿವೆ, ಬೇಗ ಚಿಕಿತ್ಸೆ ಮಾಡಿಸಿ, ಇಲ್ಲದಿದ್ದರೆ ಇದೇ ಗತಿ ಮತ್ತೆ ಬರಬಹುದು.

ಅಜ್ಜ ತಾನೇ ಆರೋಗ್ಯ ಕೇಂದ್ರಕ್ಕೆ ಹೋಗಿ ನರ್ಸಮ್ಮನ ಮುಂದೆ ನಿಂತ.

"ಕೆಟ್ಟ ಮೇಲೆ ಬುದ್ಧಿ ಬಂತು, ನರ್ಸಮ್ಮ. ಬೈದುಬಿಡಿ."

"ಬೈದ್ರೆ ಹಲ್ಲು ಸರಿಹೋಗೋದಾಗಿದ್ರೆ ಬೈತಿದ್ದೆ. ಕೂತ್ಕೊಳ್ಳಿ."

"ಯಾರ ಹತ್ರ ಕರ್ಕೊಂಡ್ಹೋಗ್ಲಿ? ಬೋರ್ಡು ಎಲ್ಲರದ್ದೂ ದೊಡ್ಡದೇ. ನಂಗೆ ಯಾರನ್ನ ನಂಬೋದೋ ಗೊತ್ತಾಗ್ತಿಲ್ಲ."

"ನೀವು ಹೊಸ ಚೀಲ ಕೊಳ್ಳೋವಾಗ ಏನ್ ಮಾಡ್ತೀರಿ ಅಜ್ಜ?"

"ಒಳಗು ಹೊರಗು ಮಾಡಿ ಹೊಲಿಗೆ ನೋಡ್ತೀನಿ."

"ಇಲ್ಲೂ ಹಾಗೇ ನೋಡಿ. ಮೊದ್ಲು ಮಗು ಬೇಡ, ದೊಡ್ಡವರಷ್ಟೇ ಹೋಗಿ. ದಂತವೈದ್ಯ ಓದಿದಾರಾ, ನೋಂದಣಿ ಸಂಖ್ಯೆ ಇದೆಯಾ ಕೇಳಿ. ಮಕ್ಕಳ ಹಲ್ಲಿಗೆ ಅಂತಲೇ ಬೇರೆ ಓದಿದೋರು ಸಿಕ್ರೆ ಒಳ್ಳೇದು, ಸಿಗದಿದ್ರೆ ಚಿಕ್ಕ ಮಕ್ಕಳನ್ನ ನೋಡಿ ಅಭ್ಯಾಸ ಇರೋರು ಆಗ್ಬೇಕು. ಮಗು ಅತ್ರೆ ಏನ್ ಮಾಡ್ತೀರಿ ಅಂತ ಕೇಳಿ. ತಾಯಿನ ಒಳಗೆ ಬಿಡ್ತಾರಾ ಕೇಳಿ. ಕೇಳಿದ್ರೆ ಸಿಟ್ಟಾಗೋರು ನಮಗೆ ಬೇಡ."

ಅಜ್ಜ, ಮಗಳು ಇಬ್ಬರೂ ಹೊರಟರು. ಮೊದಲನೆಯ ಕಡೆ ಡಾಕ್ಟರು ತಲೆ ಎತ್ತದೆ ಹೇಳಿದರು: "ಮೂರೂ ಒಂದೇ ಸಲಕ್ಕೆ ಕಿತ್ತುಬಿಡೋಣ. ಹಿಡ್ಕೊಳ್ಳೋಕೆ ಇಬ್ರು ಗಟ್ಟಿ ಆಳು ಕರ್ಕೊಂಡ್ಬನ್ನಿ." ಅಜ್ಜ ಎದ್ದುಬಿಟ್ಟ. ಮಗಳ ಕೈ ಹಿಡಿದುಕೊಂಡು ಹೊರಗೆ ಬಂದ.

ಎರಡನೆಯದರಲ್ಲಿ ಗೋಡೆ ತುಂಬ ಗೊಂಬೆ ಚಿತ್ರಗಳು, ಬಣ್ಣದ ಕುರ್ಚಿ. ಮಗಳಿಗೆ ಇಷ್ಟವಾಯಿತು. ಆದರೆ ಒಬ್ಬರ ಬಾಯಿಂದ ತೆಗೆದ ಸಲಕರಣೆಯನ್ನು ಸಹಾಯಕಿ ನಲ್ಲಿ ನೀರಲ್ಲಿ ಅಲುಬಿ ಮುಂದಿನವರ ತಟ್ಟೆಗೆ ಇಟ್ಟದ್ದು ಅಜ್ಜನ ಕಣ್ಣಿಗೆ ಬಿತ್ತು. ಮೇಲೆಲ್ಲ ಥಳಕು, ಒಳಗೆ ಹುಳುಕು.

ಮೂರನೆಯದು ಸಣ್ಣ ಕೋಣೆ. ಡಾಕ್ಟರಮ್ಮನ ಪ್ರಮಾಣಪತ್ರ ಎದುರಿಗೇ ಇತ್ತು. ಸಲಕರಣೆಗಳು ಕ್ರಿಮಿ ಸಾಯಿಸುವ ಬಿಸಿ ಯಂತ್ರದಿಂದ ಮುಚ್ಚಿದ ಪೊಟ್ಟಣದಲ್ಲಿ ಬರುತ್ತಿದ್ದವು. ಅಜ್ಜ ನಡೆದದ್ದನ್ನೆಲ್ಲ ಒಂದೂ ಬಚ್ಚಿಡದೆ ಹೇಳಿದ. ತಾನೇ ತಲೆ ಹಿಡಿದುಕೊಂಡದ್ದನ್ನೂ ಹೇಳಿದ.

ಡಾಕ್ಟರಮ್ಮ ಆಸ್ಪತ್ರೆಯ ಚೀಟಿ ಓದಿ ಹೇಳಿದರು: "ನಾಲ್ಕೈದು ಸಲ ಬರಬೇಕಾಗುತ್ತೆ. ಮೊದಲ ದಿನ ನಾನು ಮುಟ್ಟೋದೂ ಇಲ್ಲ. ಉಳಿಸೋಕಾಗೋ ಹಲ್ಲನ್ನ ಉಳಿಸೋಣ. ಹೆದರಿಕೆ ತಗ್ಗದೇ ಇದ್ರೆ ನಿದ್ದೆ ಮಾಡಿಸಿ ಮಾಡೋದುಂಟು, ಆದ್ರೆ ಅದು ಅರಿವಳಿಕೆ ಡಾಕ್ಟರ್ ಇರೋ ದೊಡ್ಡಾಸ್ಪತ್ರೇಲಿ ಮಾತ್ರ. ಈ ಕೋಣೇಲಿ ಮಾಡಲ್ಲ. ಇನ್ನೇನಾದ್ರೂ ಕೇಳೋದಿದ್ಯಾ?"

"ಇವರೇ ಸಾಕು, ಅಪ್ಪ" ಎಂದಳು ಮಗಳು. ಅವಳು ಅಪ್ಪನೊಡನೆ ಮಾತಾಡಿ ತಿಂಗಳಾಗಿತ್ತು.

ಮೊದಲ ದಿನ ಗುಬ್ಬಿ ಅಮ್ಮನ ತೊಡೆ ಮೇಲೆ ಕೂತು ಬಾಯಿ ಮುಚ್ಚಿಕೊಂಡಿದ್ದಳು. "ಇವತ್ತಿಗೆ ಇಷ್ಟು ಸಾಕು ಪುಟ್ಟ" ಎಂದು ಡಾಕ್ಟರಮ್ಮ ಕಳಿಸಿಕೊಟ್ಟರು. ಎರಡನೆಯ ದಿನ ಪುಟ್ಟ ಕನ್ನಡಿಯನ್ನು ಅವಳ ಕೈಗೇ ಕೊಟ್ಟರು. ಬಾಯಿ ತೆರೆಯಲಿಲ್ಲ. ಮೂರನೆಯ ದಿನ ಗುಬ್ಬಿ ಅಮ್ಮನ ಕಿವಿಯಲ್ಲಿ ಏನೋ ಪಿಸುಗುಟ್ಟಿದಳು. ಅಮ್ಮನ ಮುಖ ಸಣ್ಣಗಾಯಿತು.

"ಏನಂತೆ?" ಎಂದ ಅಜ್ಜ.

"ಅಜ್ಜ ಹೊರಗೆ ಹೋಗ್ಲಿ ಅಂತಿದಾಳೆ."

ಅಜ್ಜ ಎದ್ದು ಹೊರಗೆ ಬೆಂಚಿನ ಮೇಲೆ ಕೂತ. ಬಾಗಿಲು ಮುಚ್ಚಿತು. ಒಳಗಿಂದ ಅಳು ಕೇಳಿಸೀತು ಎಂದು ಉಸಿರು ಬಿಗಿಹಿಡಿದ. ಅಳು ಕೇಳಿಸಲಿಲ್ಲ. ಡಾಕ್ಟರಮ್ಮನ ದನಿ ಕೇಳಿಸಿತು: "ಒಂದು... ಎರಡು... ಮೂರು..." ಹಲ್ಲು ಎಣಿಸುತ್ತಿದ್ದರು. ಮಗು ಬಾಯಿ ತೆರೆದಿತ್ತು. ಅಜ್ಜನ ಕಣ್ಣಿಂದ ನೀರು ದಳದಳ ಇಳಿಯಿತು. ಸಂತೋಷಕ್ಕೋ ದುಃಖಕ್ಕೋ ಅವನಿಗೇ ತಿಳಿಯಲಿಲ್ಲ.

ಹುಳುಕು ತೆಗೆದು ತುಂಬಿಸಿದ್ದರಿಂದ ಮೂರು ಹಲ್ಲೂ ಉಳಿದವು. ಈಗ ರಾತ್ರಿ ಮಲಗುವ ಮುಂಚೆ ಅಮ್ಮನೇ ಬಟಾಣಿ ಕಾಳಿನಷ್ಟು ಪೇಸ್ಟ್ ಹಾಕಿ ಗುಬ್ಬಿಯ ಹಲ್ಲು ಉಜ್ಜುತ್ತಾಳೆ. ಗುಬ್ಬಿ ಎಲ್ಲರ ಮುಂದೆ ನಗುತ್ತಾಳೆ. ಅಜ್ಜನ ಮುಂದೆ ಮಾತ್ರ ಇವತ್ತಿಗೂ ಬಾಯಿಗೆ ಕೈ ಅಡ್ಡ ಹಿಡಿದುಕೊಂಡೇ ನಗುತ್ತಾಳೆ.

ಇದನ್ನು ಓದುತ್ತಿರುವ ಅಮ್ಮಂದಿರೇ, ಅಪ್ಪಂದಿರೇ, ಅಜ್ಜ ಅಜ್ಜಿಯರೇ, ಹಾಲುಹಲ್ಲು ಬೀಳುವ ಹಲ್ಲೆಂದು ಕಡೆಗಣಿಸಬೇಡಿ. ಮಗುವಿಗೆ ವರ್ಷ ತುಂಬುವಷ್ಟರಲ್ಲಿ ಒಮ್ಮೆ ದಂತವೈದ್ಯರಿಗೆ ತೋರಿಸಿ. ನೋವು ಬಂದ ಮೇಲೆ ಹುಡುಕಲು ಹೊರಟರೆ ಕೈಗೆ ಸಿಕ್ಕವರೇ ಡಾಕ್ಟರಾಗುತ್ತಾರೆ. ಹಾಲಿನ ಬಾಟಲಿ ಬಾಯಲ್ಲಿಟ್ಟು ಮಲಗಿಸಬೇಡಿ. ಮುಖ ಊದಿ ಜ್ವರ ಬಂದರೆ, ನುಂಗಲು ಅಥವಾ ಉಸಿರಾಡಲು ಕಷ್ಟವಾದರೆ ಒಂದು ಗಳಿಗೆಯೂ ಕಾಯದೆ ದೊಡ್ಡಾಸ್ಪತ್ರೆಗೆ ಹೋಗಿ. ಡಾಕ್ಟರನ್ನು ಆರಿಸುವಾಗ ಓದು ಕೇಳಿ, ಶುಚಿ ನೋಡಿ, ಮಗುವಿನ ಜೊತೆ ಹೇಗೆ ಮಾತಾಡುತ್ತಾರೆಂದು ಕಿವಿಗೊಟ್ಟು ಕೇಳಿ. ಕೇಳಲು ನಾಚಬೇಡಿ, ಮಗು ನಿಮ್ಮದು.

ಇವತ್ತೇ ನಿಮ್ಮ ಮಗುವನ್ನು ಬೆಳಕಿಗೆ ಕರೆದು ಬಾಯಿ ತೆರೆಸಿ ನೋಡಿ. ಅದು ನಿಮ್ಮ ಮುಂದೆ ಇನ್ನೂ ಬಾಯಿ ತೆರೆಯುತ್ತಿರುವಾಗಲೇ ನೋಡಿ.